ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ

ಮೊನ್ನೆ ಬಾಲ್ಕನಿಯ ದಾಸವಾಳಕ್ಕೆ ನೀರು ಹಾಕುವಾಗ ಕೈ ತಪ್ಪಿ, ಚೊಂಬಿನ ನೀರೆಲ್ಲ ಕುಂಡದ ಅಡಿಗಿಟ್ಟ ಹಂಚಿನ ಮೇಲೆ ಚೆಲ್ಲಿತು. ಬೆಳಗಿನಿಂದ ಬಿಸಿಲಿಗೆ ಕಾದಿದ್ದ ಹಂಚು ಚುಂಯ್ ಎಂದು ಅಷ್ಟನ್ನೂ ಕುಡಿಯಿತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಅಲ್ಲಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಒಳಗಿನಿಂದ ಸೊಸೆ, "ಎಂತ ಆಯ್ತು ಅತ್ತೆ, ತಲೆ ತಿರುಗ್ತದಾ?" ಎಂದು ಓಡಿ ಬಂದಳು. ಹಳೆಯದೊಂದು ನೆನಪಾಯಿತು ಎಂದರೆ ಅವಳು ನಂಬುವವಳಲ್ಲ. ಬಿ.ಪಿ. ಮಿಶನ್ ತಂದು ಕೈಗೆ ಕಟ್ಟಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ನನ್ನನ್ನು ನನ್ನ ನೆನಪಿನ ಜೊತೆ ಬಿಟ್ಟುಹೋದಳು.

ಆ ಹಂಚು ಮಾಡಿಗೆ ಹೊದಿಸುವ ಜಾತಿಯದಲ್ಲ. ಒಂದು ಗೇಣು ಉದ್ದ, ಅಷ್ಟೇ ಅಗಲ, ಚಪ್ಪಟೆ. ಮಂಗಳೂರಿನ ಹಂಚೆಂದರೆ ಬೆನ್ನ ಮೇಲೆ ಕಂಪೆನಿಯ ಹೆಸರು ಇರಲೇಬೇಕು. ಇದರ ಬೆನ್ನು ಬೋಳು. ಒಂದು ಮೂಲೆಯಲ್ಲಿ ಯಾರೋ ಹೆಬ್ಬೆರಳು ಒತ್ತಿದ ಗುರುತು ಮಾತ್ರ ಇದೆ. ಈ ಫ್ಲ್ಯಾಟಿಗೆ ಬರುವಾಗ ಮಗ ಅದನ್ನು ಬಿಸಾಡಲು ಹೊರಟಿದ್ದ. ನಾನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಅದು ನನ್ನ ಅಮ್ಮನ ಹೆಬ್ಬೆರಳು. ಆದರೆ ಹಂಚಿನ ವಾಸನೆ ಬಂದಾಗ ನನಗೆ ಮೊದಲು ನೆನಪಾಗುವುದು ಅಮ್ಮ ಅಲ್ಲ, ಪಕ್ಕದ ಮನೆಯ ಮೇಸ್ತ್ರಿಗಳು...

ಮಂಗಳೂರಿನ ಹೊಯ್ಗೆಬಜಾರಿನ ಹತ್ತಿರ, ಹೊಳೆಗೆ ಬೆನ್ನು ಹಾಕಿದ್ದ ನಮ್ಮ ಸಾಲಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ತೆಂಗಿನ ಮಡಲಿನ ಬೇಲಿ ಇತ್ತು, ಬೇಲಿ ದಾಟಲು ಒಂದು ತಡಮೆ ಇತ್ತು. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಮೇಸ್ತ್ರಿಯಾಗಿ ದುಡಿದು ನಿವೃತ್ತರಾದವರು ಅವರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ. ಮಗ ಬಸ್ಸಿನ ಆಫೀಸಿನಲ್ಲಿ, ಸೊಸೆ ಶಾಲೆಯಲ್ಲಿ ಟೀಚರ್. ಯಾವನೋ ಬಿಳಿ ದೊರೆ ಊರಿಗೆ ಹೋಗುವಾಗ ಕೊಟ್ಟು ಹೋದದ್ದೆಂದು ಒಂದು ಬೆಂಡಿನ ಟೊಪ್ಪಿ ಅವರಲ್ಲಿತ್ತು. ಲುಂಗಿ ಉಟ್ಟರೂ ತಲೆಯ ಮೇಲೆ ಅದು. ಕೈಯಲ್ಲಿ ಹಂಚು ಅಳೆಯುವ ಹಳೆಯ ಮರದ ಕೋಲು. ಆ ವೇಷ ನೋಡಿ ಬೀದಿಯವರೆಲ್ಲ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕವಳು.

ನನ್ನ ಅಮ್ಮನೂ ಅದೇ ಕಾರ್ಖಾನೆಯಲ್ಲಿ ದುಡಿದವಳು. ಹನ್ನೆರಡು ವರ್ಷದ ಹುಡುಗಿಯಾಗಿ ಸೇರಿ, ಐವತ್ತು ದಾಟುವವರೆಗೆ ಹಸಿ ಹಂಚಿನ ಅಂಚು ಸವರುವ ಕೆಲಸ. ಒತ್ತುವ ಯಂತ್ರದಿಂದ ಬಂದ ಹಂಚಿನ ಸುತ್ತ ಹೆಚ್ಚಾದ ಮಣ್ಣನ್ನು ಬಿದಿರಿನ ಚೂರಿಯಿಂದ ಕೆತ್ತಿ ತೆಗೆಯುವುದು, ಒದ್ದೆ ಬಟ್ಟೆಯಿಂದ ನುಣುಪು ಮಾಡುವುದು. ಅಪ್ಪ ಬೇಗ ತೀರಿಕೊಂಡಿದ್ದರು. ಆ ಅಂಚು ಸವರಿದ ಕೈಯೇ ನನ್ನನ್ನು ಸಾಕಿದ್ದು. ನಮ್ಮದು ಹೆಣ್ಣಿನ ಕಡೆಯಿಂದ ಮನೆತನ ನಡೆಯುವ ಅಳಿಯಸಂತಾನದ ಮನೆ, ಆದ್ದರಿಂದ ಮದುವೆಯಾದ ಮೇಲೂ ನಾನು ಅಮ್ಮನ ಮನೆಯಲ್ಲೇ ಇದ್ದೆ. ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುವ ಅತಿಥಿ.

ಐವತ್ತರ ದಶಕ ಮುಗಿಯುತ್ತಾ ಬಂದ ಹೊತ್ತು. ನನಗೆ ಮಗ ಹುಟ್ಟಿದ ವರ್ಷ ಅಮ್ಮನಿಗೆ ಮರೆವು ಶುರುವಾಯಿತು. ಮೊದಲು ಗಂಜಿಗೆ ಎರಡು ಸಲ ಉಪ್ಪು. ಆಮೇಲೆ ಅಪ್ಪ ಎಲ್ಲಿ ಎಂಬ ಪ್ರಶ್ನೆ. ಆಮೇಲೆ ಒಂದು ದಿನ ನನ್ನನ್ನು ನೋಡಿ, "ನೀವು ಯಾರ ಮನೆಯವರು?" ಎಂದಳು. ಈಗ ಅದಕ್ಕೆ ಅಲ್ಜೈಮರ್ ಎಂದು ಹೆಸರಿದೆ, ನೋಡಿಕೊಳ್ಳುವವರು ಹೇಗಿರಬೇಕೆಂದು ಹೇಳಿಕೊಡುವವರಿದ್ದಾರೆ. ಆಗ ಇದ್ದದ್ದು ಒಂದೇ ಮಾತು, ಅರವತ್ತಕ್ಕೆ ಅರಳು ಮರಳು. ಹಾಗೆ ಹೇಳಿ ಎಲ್ಲರೂ ಅವರವರ ಮನೆಗೆ ಹೋಗುತ್ತಿದ್ದರು. ಅರಳು ಮರಳಿನ ಜೊತೆ ದಿನಪೂರ್ತಿ ಇರಬೇಕಾದವಳು ನಾನೊಬ್ಬಳೇ.

ಎಲ್ಲಕ್ಕಿಂತ ಕಷ್ಟವಾಗಿದ್ದು ಕಾರ್ಖಾನೆಯ ಸೈರನ್. ಬೆಳಿಗ್ಗೆ ಏಳೂವರೆಗೆ ಅದು ಕೂಗಿದ ಕೂಡಲೇ ಅಮ್ಮ ಎದ್ದು ಸೆರಗು ಸಿಕ್ಕಿಸಿ ಹೊರಟುಬಿಡುತ್ತಿದ್ದಳು. ಕೆಲಸಕ್ಕೆ ಹೊತ್ತಾಯಿತಂತೆ. ಹೋದವಳು ಕಾರ್ಖಾನೆಗೂ ಮುಟ್ಟುತ್ತಿರಲಿಲ್ಲ, ಮನೆಗೂ ಬರುತ್ತಿರಲಿಲ್ಲ. ಒಮ್ಮೆ ಬೆಂಗ್ರೆಗೆ ಹೋಗುವ ದೋಣಿಯಲ್ಲಿ ಕುಳಿತಿದ್ದಳು, ದೋಣಿಯವನು ಗುರುತು ಹಿಡಿದು ತಂದುಬಿಟ್ಟ. ಇನ್ನೊಮ್ಮೆ ಬಂದರಿನ ಲಾರಿಗಳ ನಡುವೆ ಸಿಕ್ಕಿದಳು. ಆ ಸುದ್ದಿ ಹೊಳೆ ದಾಟಿ ತೊಕ್ಕೊಟ್ಟಿನಲ್ಲಿದ್ದ ಸೋದರಮಾವನಿಗೂ ಮುಟ್ಟಿತು. ನಮ್ಮಲ್ಲಿ ಮಾವನ ಮಾತೆಂದರೆ ಮುಗಿಯಿತು. ಅವರು ಬಂದು ಜಗಲಿಯಲ್ಲಿ ಕುಳಿತು ಹೇಳಿದರು, "ಕಟ್ಟಿ ಹಾಕು. ಇನ್ನೊಂದು ಸಲ ರಸ್ತೆಯಲ್ಲಿ ಸಿಕ್ಕಿದ್ರೆ ನಾನೇ ಬಂದು ಹುಚ್ಚಾಸ್ಪತ್ರೆಗೆ ಸೇರಿಸ್ತೇನೆ." ಕೆಟ್ಟವರಲ್ಲ ಅವರು. ಅಕ್ಕ ಲಾರಿಯಡಿಗೆ ಬೀಳುವುದಕ್ಕಿಂತ ಅದು ವಾಸಿ ಎಂದು ನಂಬಿದವರು.

ನಾನು ಕಟ್ಟಿ ಹಾಕಿದೆ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ... ಆದರೆ ಬರೆಯದಿದ್ದರೆ ಮೇಸ್ತ್ರಿಗಳು ಮಾಡಿದ್ದು ಏನೆಂದು ಗೊತ್ತಾಗುವುದಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ಮಣೆಯ ಮೇಲೆ ಮಲಗಿಸಿದ್ದೆ, ಬಿಸಿನೀರು ಕುದಿಯುತ್ತಿತ್ತು, ಸೈರನ್ ಕೂಗಿತು. ಅಮ್ಮ ಹೊರಟಳು. ರಾತ್ರಿ ನಿದ್ದೆ ಇಲ್ಲದೆ ಎಷ್ಟು ದಿನವಾಗಿತ್ತೋ. ಹಳೆಯ ಸೀರೆಯೊಂದನ್ನು ತಂದು ಅವಳ ಸೊಂಟಕ್ಕೆ ಸುತ್ತಿ ಕಿಟಕಿಯ ಸರಳಿಗೆ ಗಂಟು ಹಾಕಿದೆ. ಗಟ್ಟಿಯಾಗಿಯೇ ಹಾಕಿದೆ, ಸಿಟ್ಟಿನಿಂದ. ಅವಳು ಜಗಳ ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸುಮ್ಮನೆ ಕಟ್ಟಿಸಿಕೊಂಡು, "ಬಿಡಿ ಅಮ್ಮಾ, ಮೇಸ್ತ್ರಿ ಬಯ್ತಾರೆ" ಎಂದು ನನ್ನನ್ನೇ ಬೇಡಿದಳು.

ಅದೇ ಹೊತ್ತಿಗೆ ಮೇಸ್ತ್ರಿಗಳು ತಡಮೆ ದಾಟಿ ಬಂದರು. ಹಲಸಿನ ಜಾತಿಯ ಅವರ ಜೀಗುಜ್ಜೆ ಮರದಲ್ಲಿ ಪಲ್ಯದ ಕಾಯಿ ಬಿಟ್ಟರೆ ನಮಗೊಂದು ಕೊಡುವುದು ರೂಢಿ. ಜೀಗುಜ್ಜೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ಕಿಟಕಿ ಕಂಡಿತು, ಗಂಟು ಕಂಡಿತು, ನಾನು ಕಂಡೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅವರು ಟೊಪ್ಪಿ ಸರಿಮಾಡಿಕೊಂಡು ಅಮ್ಮನ ಕಡೆ ತಿರುಗಿ, ಕಾರ್ಖಾನೆಯ ಗತ್ತಿನಲ್ಲಿ ಕೇಳಿದರು.

"ಎಂತ, ಇವತ್ತು ಕೆಲಸಕ್ಕೆ ಬರಲಿಲ್ಲ?"

ಅಮ್ಮನ ಬೆನ್ನು ನೆಟ್ಟಗಾಯಿತು. ನಮ್ಮ ಮಾತೆಲ್ಲ ತುಳುವಿನಲ್ಲೇ, ಅವರ ತುಳುವಿಗೆ ಮಾತ್ರ ಸ್ವಲ್ಪ ಕೊಂಕಣಿಯ ರಾಗ. ಆ ರಾಗ ಅಮ್ಮನಿಗೆ ಎಲ್ಲಿಗೆ ಮುಟ್ಟಿತೋ, "ಬರ್ತೇನೆ ಮೇಸ್ತ್ರಿಗಳೇ, ಇವರು ಬಿಡುವುದಿಲ್ಲ" ಎಂದಳು. ಅವರು ಜೀಗುಜ್ಜೆ ಕೆಳಗಿಟ್ಟು, ಗಂಟನ್ನು ನಿಧಾನವಾಗಿ ಬಿಚ್ಚಿದರು. ನಾನು ಹಾಕಿದ ಗಂಟು ಬಿಚ್ಚಲು ಅವರಿಗೆ ತುಂಬ ಹೊತ್ತು ಬೇಕಾಯಿತು. ಸೀರೆಯನ್ನು ಮಡಚಿ ನನ್ನ ಕೈಗೆ ಕೊಟ್ಟು ಹೇಳಿದರು, "ಇವಳನ್ನು ನಾನು ಕರ್ಕೊಂಡು ಹೋಗ್ತೇನೆ. ಹನ್ನೆರಡರ ಒಳಗೆ ತರ್ತೇನೆ. ನೀನು ಮಗುವನ್ನು ಮೀಯಿಸಿ ಮಲಗು ಮಗಾ."

ನಾನು ಮಗುವನ್ನು ಮೀಯಿಸಿದೆ, ಅದರ ಪಕ್ಕದಲ್ಲಿ ಒರಗಿದೆ, ಅಷ್ಟೇ ಗೊತ್ತು. ಎಚ್ಚರವಾದಾಗ ಬಿಸಿಲು ಅಡುಗೆಮನೆಯ ಹೊಸ್ತಿಲಿಗೆ ಬಂದಿತ್ತು. ಅಂಥ ನಿದ್ದೆ ನಾನು ಅದಕ್ಕಿಂತ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಎದ್ದಾಗ ಒಂದು ಕ್ಷಣ ನಾನು ಯಾರೆಂದೇ ಮರೆತುಹೋಗಿತ್ತು. ಅಮ್ಮನಿಗೆ ದಿನವೂ ಹೀಗೆಯೇ ಆಗುತ್ತಿರಬಹುದು ಎಂದು ಆಗ ಮೊದಲ ಬಾರಿಗೆ ಯೋಚನೆ ಬಂತು.

ಅವತ್ತು ಅವರು ಏನೋ ಮಾಡಿ ಹೊತ್ತು ಕಳೆದಿರಬೇಕು. ಮರುದಿನವೇ ಹೊಳೆಯಲ್ಲಿ ಕಾರ್ಖಾನೆಗೆ ಮಣ್ಣು ತರುವ ದೋಣಿಯವರಿಂದ ನಾಲ್ಕು ಬುಟ್ಟಿ ಜೇಡಿಮಣ್ಣು ಕೇಳಿ ತಂದರು. ಒಂದು ಗೇಣಿನ ಮರದ ಚೌಕಟ್ಟು ಮಾಡಿದರು. ಜೀಗುಜ್ಜೆ ಮರದ ಕೆಳಗೆ ಹಲಗೆ ಹಾಕಿ, ಚೌಕಟ್ಟಿಗೆ ಮಣ್ಣು ಒತ್ತಿ ಒಂದೊಂದೇ ಹಂಚು ಇಟ್ಟರು. ಅಮ್ಮ ಬಿದಿರಿನ ಚೂರಿ ಹಿಡಿದು ಅಂಚು ಸವರತೊಡಗಿದಳು. ನನ್ನ ಹೆಸರು ಮರೆತ ಅಮ್ಮನ ಕೈ ಒಂದು ಅಂಚಿನಲ್ಲೂ ತಪ್ಪಲಿಲ್ಲ. ಸವರಿ ಮುಗಿದ ಮೇಲೆ ಹದ ನೋಡಲು ಮೂಲೆಯಲ್ಲಿ ಹೆಬ್ಬೆರಳು ಒತ್ತುವುದು ಅವಳ ಹಳೆಯ ಚಾಳಿ. ಕಾರ್ಖಾನೆಯಲ್ಲಿ ಅದಕ್ಕೇ ಬೈಸಿಕೊಳ್ಳುತ್ತಿದ್ದಳಂತೆ. ಬೈಯುತ್ತಿದ್ದವರು ಇದೇ ಮೇಸ್ತ್ರಿಗಳು.

ಹೀಗೆ ಶುರುವಾಯಿತು. ಭಾನುವಾರ ಬಿಟ್ಟು ದಿನವೂ ಸೈರನ್ ಕೂಗಿದ ಕೂಡಲೇ ಅವರು ನಮ್ಮ ಗೇಟಿನಲ್ಲಿ ಇರುತ್ತಿದ್ದರು. ತಡಮೆ ದಾಟಿದರೆ ಹತ್ತು ಹೆಜ್ಜೆ. ಆದರೆ ಕೆಲಸಕ್ಕೆ ಹೋಗುವವರು ಗೇಟಿನಿಂದಲೇ ಹೋಗಬೇಕೆಂದು ಅಮ್ಮನ ಹಟ, ಆದ್ದರಿಂದ ಇಬ್ಬರೂ ರಸ್ತೆಗಿಳಿದು ಸುತ್ತಿ ಅವರ ಗೇಟಿಗೆ ಹೋಗುತ್ತಿದ್ದರು. ಭಾನುವಾರ ಸೈರನ್ ಇಲ್ಲ, ಅಮ್ಮನೂ ರಜೆಯ ಗತ್ತಿನಲ್ಲಿ ಕುಳಿತು ತಲೆ ಬಾಚಿಸಿಕೊಳ್ಳುತ್ತಿದ್ದಳು. ಸಾಯಂಕಾಲ ಬೇಲಿಯಾಚೆ ಥಪ್ ಥಪ್ ಎಂದು ಸದ್ದು ಕೇಳುತ್ತಿತ್ತು. ಏನೆಂದು ಒಂದು ದಿನ ಇಣುಕಿ ನೋಡಿದೆ. ಅಮ್ಮ ಬೆಳಿಗ್ಗೆ ಸವರಿಟ್ಟ ಹಂಚುಗಳನ್ನೆಲ್ಲ ಮೇಸ್ತ್ರಿಗಳು ಮುರಿದು, ನೀರು ಹಾಕಿ, ಲುಂಗಿ ಎತ್ತಿ ಕಟ್ಟಿ ತುಳಿದು ಪುನಃ ಮುದ್ದೆ ಮಾಡುತ್ತಿದ್ದರು. ಎಪ್ಪತ್ತರ ಹತ್ತಿರದ ಮುದುಕ.

"ಎಂತಕ್ಕೆ ಇಷ್ಟು ಕಷ್ಟ ಮೇಸ್ತ್ರಿಗಳೇ?" ಎಂದೆ.

"ನಾಳೆ ಅವಳಿಗೆ ಕೆಲಸ ಬೇಡವಾ?" ಎಂದರು.

ಆಗಲೇ ಅವರು ತಮ್ಮ ಹೆಂಡತಿಯ ವಿಷಯ ಹೇಳಿದ್ದು. ಆ ಬಾಯಮ್ಮ ಹೊರಗೆ ಬರುವುದನ್ನು ನಾನು ನೋಡಿದ್ದು ಕಡಿಮೆ, ಸೊರಗಿ ಸತ್ತರೆಂದಷ್ಟೇ ಕೇಳಿದ್ದೆ. ಅವರಿಗೂ ಇದೇ ಆಗಿತ್ತಂತೆ. ಮೇಸ್ತ್ರಿಗಳು ಕಾಲಿನಿಂದ ಮಣ್ಣು ಒರೆಸಿಕೊಳ್ಳುತ್ತಾ ಹೇಳಿದರು, "ನಾನು ದಿನಾ ಅವಳಿಗೆ ಪರೀಕ್ಷೆ ಮಾಡ್ತಿದ್ದೆ. ಇವತ್ತು ಯಾವ ವಾರ, ನಾನು ಯಾರು, ಹೇಳು ನೋಡುವ ಅಂತ. ತಪ್ಪು ಹೇಳಿದ್ರೆ ತಿದ್ದುವುದು. ನಾಲ್ಕು ವರ್ಷ ತಿದ್ದಿದೆ ಮಾರಾಯ್ತಿ. ದಿನಾಲೂ ನಾನೇ ಗೆದ್ದೆ. ಕಡೆಗೆ ನನ್ನ ಚಪ್ಪಲಿ ಸದ್ದು ಕೇಳಿದ್ರೆ ಅವಳು ಬಾಗಿಲಿನ ಹಿಂದೆ ನಿಲ್ತಿದ್ದಳು." ಮತ್ತೆ ಬಗ್ಗಿ ಮಣ್ಣಿಗೆ ನೀರು ಚಿಮುಕಿಸಿದರು...

ನಾನೂ ಅದನ್ನೇ ಮಾಡುತ್ತಿದ್ದೆ. ಅಪ್ಪ ಎಲ್ಲಿ ಎಂದು ಅಮ್ಮ ಕೇಳಿದಾಗಲೆಲ್ಲ, ಸತ್ತು ಹದಿನೈದು ವರ್ಷ ಆಯಿತಲ್ಲ ಎನ್ನುತ್ತಿದ್ದೆ. ಅವಳು ಪ್ರತಿ ಸಲವೂ ಮೊದಲ ಸಲ ಕೇಳಿದವಳ ಹಾಗೆ ಎದೆ ಬಡಿದುಕೊಂಡು ಅಳುತ್ತಿದ್ದಳು. ಸತ್ಯ ಹೇಳಿದೆ ಎಂಬ ಸಮಾಧಾನ ನನಗೆ. ಮೇಸ್ತ್ರಿಗಳು, "ಕೆಲಸಕ್ಕೆ ಹೋಗಿದ್ದಾರೆ, ಬರ್ತಾರೆ ಅಂತ ಹೇಳು" ಎಂದರು. ಸುಳ್ಳಲ್ಲವೇ ಎಂದು ನಾನು ಕೇಳಿದೆ. ಅವರು ಮೀಸೆಯೊಳಗೆ ನಕ್ಕರು. "ಸುಳ್ಳೇ. ನಾನು ಶನಿವಾರ ಪಾದ್ರಿಗಳ ಹತ್ತಿರ ತಪ್ಪು ಒಪ್ಪಿಸಿ ಬರ್ತೇನೆ. ಸೋಮವಾರದಿಂದ ಪುನಃ ಶುರು. ಅವರಿಗೂ ಕೇಳಿ ಕೇಳಿ ಅಭ್ಯಾಸ ಆಗಿದೆ." ಅವತ್ತು ಸಂಜೆ ಅಮ್ಮ ಕೇಳಿದಾಗ ನಾನೂ ಆ ಸುಳ್ಳು ಹೇಳಿದೆ. ಅಮ್ಮ, "ಹೌದಾ, ಹಾಗಾದ್ರೆ ಮೀಯ್ಲಿಕ್ಕೆ ನೀರು ಕಾಯಿಸಿಡಿ" ಎಂದು ಹಾಯಾಗಿ ಕುಳಿತಳು. ಮನೆಯಲ್ಲಿ ಅಳು ನಿಂತು ಎಷ್ಟು ತಂಪಾಯಿತೆಂದರೆ, ಪಾಪ ಬಂದರೆ ಬರಲಿ ಎನ್ನಿಸಿತು.

ಮೇಸ್ತ್ರಿಗಳು ಅಮ್ಮನನ್ನು ಮಾತ್ರ ನೋಡಿಕೊಂಡದ್ದಲ್ಲ. ಬೆಳಗಿನ ಹೊತ್ತಿನಲ್ಲಿ ನಾನು ಮನೆಗೆಲಸ ಮಾಡುವುದನ್ನು ಬೇಲಿಯಾಚೆಯಿಂದ ಕಂಡರೆ ಗದರುತ್ತಿದ್ದರು. ನೆಲ ಎಲ್ಲಿಗೂ ಓಡಿಹೋಗುವುದಿಲ್ಲ, ಮಲಗು ಎನ್ನುವರು. ಬೊಂಬಾಯಿಗೆ ಬರೆಯುವ ಕಾಗದದಲ್ಲಿ ಎಲ್ಲ ಕ್ಷೇಮ ಎಂದು ಬರೆಯಬೇಡ, ಇದ್ದದ್ದನ್ನು ಬರೆ ಎಂದರು. ಒಂದು ದಿನ ಮಗುವನ್ನೆತ್ತಿಕೊಂಡು ಪೇಟೆಗೆ ಹೋಗಿ ಬಾ ಎಂದು ಹಟ ಮಾಡಿ ಕಳಿಸಿದರು. ಹಂಪನಕಟ್ಟೆಯ ಒಂದು ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ, ಪರದೆಯ ಹಿಂದೆ, ನಾನೂ ಮಗುವೂ ಎರಡೇ ಜನ ಕುಳಿತು ಗೋಳಿಬಜೆ ತಿಂದು ಕಾಫಿ ಕುಡಿದೆವು. ಕುಡಿದದ್ದು ನಾನು, ಚೆಲ್ಲಿದ್ದು ಅವನು. ಏನೂ ವಿಶೇಷ ನಡೆಯಲಿಲ್ಲ. ಆದರೆ ಹಿಂದೆ ಬರುವಾಗ ನಾನು ಯಾವುದೋ ಹಾಡು ಗುನುಗುತ್ತಿದ್ದೇನೆ ಎಂದು ನನಗೇ ಗೊತ್ತಾಗಿ ನಾಚಿಕೆಯಾಯಿತು.

ಆ ವರ್ಷ ಕಾರ್ಖಾನೆಯಲ್ಲಿ ಮುಷ್ಕರವಾಗಿ ಸೈರನ್ ನಿಂತುಹೋಯಿತು. ಸೈರನ್ ಇಲ್ಲದಿದ್ದರೆ ಅಮ್ಮನಿಗೆ ಕೆಲಸಕ್ಕೆ ಹೋಗುವ ಹೊತ್ತೂ ಇಲ್ಲ, ಬರುವ ಹೊತ್ತೂ ಇಲ್ಲ. ಮೊದಲ ದಿನ ಅವಳು ಹತ್ತು ಸಲ ಗೇಟಿಗೆ ಹೋಗಿ ಬಂದಳು. ಎರಡನೆಯ ದಿನ ಏಳೂವರೆಗೆ ಸರಿಯಾಗಿ ಬೇಲಿಯಾಚೆಯಿಂದ ಊಊ... ಎಂದು ಒಂದು ಘೋರ ಕೂಗು ಎದ್ದಿತು. ಬೀದಿಯ ನಾಯಿಗಳೆಲ್ಲ ಜೊತೆಗೂಡಿದವು. ನೋಡಿದರೆ ಮೇಸ್ತ್ರಿಗಳು, ಚರಂಡಿಗೆ ಹಾಕುವ ಮಣ್ಣಿನ ಪೈಪೊಂದನ್ನು ಬಾಯಿಗೆ ಹಿಡಿದು, ಮುಖ ಕೆಂಪಗಾಗುವಂತೆ ಊದುತ್ತಿದ್ದಾರೆ. ಟೀಚರ್ ಸೊಸೆ ಜಗಲಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಮ್ಮ ಮಾತ್ರ ಗಂಭೀರವಾಗಿ ಸೆರಗು ಸಿಕ್ಕಿಸಿ, "ಇವತ್ತು ಕೂಗಿಗೆ ಸ್ವಲ್ಪ ಶೀತ ಆಗಿದೆ" ಎಂದು ಹೊರಟಳು. ಮುಷ್ಕರ ಮುಗಿಯುವವರೆಗೆ ಅವರು ದಿನಕ್ಕೆರಡು ಸಲ ಊದಿದರು.

ಅದೇ ಸಮಯಕ್ಕೆ ಮಾವ ಬಂದರು, ಅಕ್ಕನನ್ನು ಕರೆದುಕೊಂಡು ಹೋಗುವ ಲೆಕ್ಕದಲ್ಲಿಯೇ. ನಾನು ಏನೂ ವಾದಿಸದೆ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಅಮ್ಮ ಮರದ ನೆರಳಲ್ಲಿ ಕುಳಿತು ಅಂಚು ಸವರುತ್ತಿದ್ದಳು, ಹಂಚಿಗೊಂದು ಹೆಬ್ಬೆರಳು ಒತ್ತುತ್ತಿದ್ದಳು. ಮೇಸ್ತ್ರಿಗಳು ಕೋಲು ಹಿಡಿದು ಗದರುತ್ತಿದ್ದರು, ಅಮ್ಮ ಅವರಿಗೆ ಎದುರು ಮಾತಾಡುತ್ತಿದ್ದಳು. ಮಾವ ತುಂಬ ಹೊತ್ತು ನಿಂತರು. ಚಾ ಕುಡಿದು, ಹೋಗುವಾಗ ಕಿಟಕಿಯ ಸರಳು ನೋಡಿ, "ಕಟ್ಟುವುದು ಬೇಡ" ಎಂದಷ್ಟೇ ಹೇಳಿದರು. ಆಸ್ಪತ್ರೆಯ ಮಾತು ಮತ್ತೆ ಎತ್ತಲಿಲ್ಲ. ಆವತ್ತು ನಾನು ಬಾವಿಕಟ್ಟೆಯ ಬಳಿ ಹೋಗಿ, ಹಗ್ಗ ಹಿಡಿದುಕೊಂಡು, ಮನಸ್ಸು ತುಂಬ ಅತ್ತೆ. ಕಷ್ಟಕ್ಕೆ ಅತ್ತದ್ದಲ್ಲ. ಬೀಳುತ್ತೇನೆಂದು ಕಣ್ಣು ಮುಚ್ಚಿಕೊಂಡಿದ್ದವಳಿಗೆ ಕಾಲಿಗೆ ನೆಲ ಸಿಕ್ಕಿದರೆ ಅಳು ಬರುತ್ತದೆ ನೋಡಿ, ಅಂಥ ಅಳು.

ಇಷ್ಟೆಲ್ಲ ಉಪಕಾರ ಪಡೆದವಳಿಗೂ ಮೇಸ್ತ್ರಿಗಳ ಮೇಲೆ ಒಂದು ದೂರು ಇತ್ತು. ಹೇಳಿದರೆ ನಗುತ್ತೀರಿ. ಅವರು ಅಮ್ಮನನ್ನು ಯಾವತ್ತೂ ಹನ್ನೆರಡಕ್ಕೆ ತಂದುಬಿಡುತ್ತಿರಲಿಲ್ಲ. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗಲೇ ಗೇಟು ಕಿರ್ ಎನ್ನುತ್ತಿತ್ತು. ನಾನು ಅನ್ನ ಬಡಿಸಿಕೊಂಡು ಕುಳಿತಿರುತ್ತಿದ್ದೆ, ಇಲ್ಲವೇ ಆಗಷ್ಟೇ ಮಲಗಿರುತ್ತಿದ್ದೆ. ಆ ಕಾಲು ಗಂಟೆ ಮುರಿದುಕೊಂಡರಲ್ಲ ಎಂದು ಒಳಗೊಳಗೇ ಉರಿಯುತ್ತಿತ್ತು. ಬೆರಳು ಕೊಟ್ಟರೆ ಹಸ್ತ ನುಂಗುವುದು ಎಂದರೆ ಇದೇ. ಅಮ್ಮ ಒಳಗೆ ಬಂದವಳೇ, "ಊಟ ಆಯ್ತಾ?" ಎಂದು ಕೇಳುವಳು. ಒಂದು ಸಲವಲ್ಲ, ಐದಾರು ಸಲ. ಬಾವಿಕಟ್ಟೆಗೆ ಬಂದು ಕೇಳುವಳು, ಮಗುವಿಗೆ ಹಾಲು ಕೊಡುವಾಗ ಕೇಳುವಳು. "ಆಯ್ತು, ಆಯ್ತು, ನೀನು ಸುಮ್ಮನೆ ಕೂತುಕೋ" ಎಂದು ನಾನು ಸಿಡುಕುತ್ತಿದ್ದೆ.

ಒಂದು ದಿನ ತಡೆಯಲಾರದೆ ಮೇಸ್ತ್ರಿಗಳಿಗೆ ಹೇಳಿಯೇಬಿಟ್ಟೆ, ಹನ್ನೆರಡರ ಸೈರನ್ ಆದ ಮೇಲೆ ಬಿಟ್ಟರೆ ಆಗುವುದಿಲ್ಲವಾ ಎಂದು. ಅವರಿಗೆ ಬೇಸರವಾದಂತೆ ಕಾಣಲಿಲ್ಲ. "ಅವಳು ಬೇಗ ಬಿಡಿ ಅಂತ ಕೇಳ್ತಾಳೆ ಮಗಾ. ಕೇಳಿದ ಮೇಲೆ ಬಿಡದೆ ಹೇಗೆ?" ಎಂದರು. ಯಾಕೆ ಕೇಳುತ್ತಾಳೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಬಂದೆ.

ಇದಾಗಿ ಕೆಲವು ತಿಂಗಳಿಗೆ ಅವರು ಆ ಹಂಚನ್ನು ತಂದುಕೊಟ್ಟರು. ಒಂದು ದಿನದ ಹಂಚುಗಳಲ್ಲಿ ಒಂದನ್ನು ಮುರಿಯದೆ ಒಣಗಿಸಿ, ಕಾರ್ಖಾನೆಯ ಹಳೆಯ ಗೆಳೆಯರ ಕೈಯಲ್ಲಿ ಕೊಟ್ಟು ಭಟ್ಟಿಯಲ್ಲಿ ಸುಡಿಸಿದ್ದರು. "ಇಷ್ಟು ಕೆಲಸ ಮಾಡಿದ್ದಾಳೆ, ಒಂದಾದರೂ ಬೆಂದು ಬರಲಿ" ಎಂದು ನನ್ನ ಕೈಗಿಟ್ಟರು. ಭಟ್ಟಿಯ ಬಿಸಿ ಇನ್ನೂ ಆರಿರಲಿಲ್ಲ. ಬಾವಿಕಟ್ಟೆಯ ಒದ್ದೆಗೆ ಇಟ್ಟೆ, ಚುಂಯ್ ಎಂದು ಆ ವಾಸನೆ ಎದ್ದಿತು...

ಮೇಸ್ತ್ರಿಗಳು ಒಂದು ಭಾನುವಾರ ಇಗರ್ಜಿಯಿಂದ ಬಂದು, ಊಟ ಮಾಡಿ, ಜಗಲಿಯ ಬೆಂಚಿನಲ್ಲಿ ಮಲಗಿದವರು ಏಳಲಿಲ್ಲ. ಎರಡು ವರ್ಷ ಹತ್ತಿರ ಹತ್ತಿರ ಅವರು ನಮ್ಮನ್ನು ಹೊತ್ತಿದ್ದರು. ಸೋಮವಾರ ಅವರನ್ನು ಸಮಾಧಿಗೆ ಒಯ್ದರು. ಬೀದಿಯಲ್ಲಿ ಜನ ತುಂಬಿದ್ದನ್ನು ನೋಡಿ ಅಮ್ಮ, "ಇವತ್ತು ರಜೆಯಾ?" ಎಂದಳು. ಹೌದು, ರಜೆ ಎಂದೆ. ಅಷ್ಟು ಹೊತ್ತಿಗೆ ನನಗೆ ಸುಳ್ಳು ಹೇಳಲು ಚೆನ್ನಾಗಿ ಬರುತ್ತಿತ್ತು.

ಮಂಗಳವಾರ ಸೈರನ್ ಕೂಗಿತು. ಅಮ್ಮ ಗೇಟಿನಲ್ಲಿ ನಿಂತಳು. ಬರುವವರಿಲ್ಲ. ಅವಳು ರಸ್ತೆಯ ಕಡೆ ಹೆಜ್ಜೆ ಹಾಕುವುದನ್ನು ಕಂಡು ನನಗೆ ಆ ಹಳೆಯ ಸೀರೆ ನೆನಪಾಯಿತು. ನಿಜ ಹೇಳುತ್ತೇನೆ, ನೆನಪಾಯಿತು. ಅಷ್ಟರಲ್ಲಿ ಬೇಲಿಯಾಚೆಯಿಂದ ಟೀಚರ್ ನನ್ನನ್ನು ಕರೆದಳು. ಅವಳ ಕೈಯಲ್ಲಿ ಮೇಸ್ತ್ರಿಗಳ ಬೆಂಡಿನ ಟೊಪ್ಪಿ ಮತ್ತು ಕೋಲು. ಕಣ್ಣು ಅತ್ತು ಊದಿತ್ತು. "ಹಾಕಿಕೊಂಡು ನೋಡಿ ಅಕ್ಕಾ, ಮಗುವನ್ನು ಇಲ್ಲಿ ಕೊಡಿ" ಎಂದಳು. ಎಷ್ಟೋ ವರ್ಷ ನಾನು ನಕ್ಕಿದ್ದ ಟೊಪ್ಪಿ. ಸೀರೆಯ ಮೇಲೆ ಅದನ್ನಿಟ್ಟುಕೊಂಡು, ಕೋಲು ಹಿಡಿದು, ಅಮ್ಮನ ಮುಂದೆ ಹೋಗಿ ನಿಂತೆ. ಗಂಟಲಲ್ಲಿ ಆ ಕೊಂಕಣಿ ರಾಗವನ್ನು ಹೇಗೋ ಎಳೆದು ತಂದೆ.

"ಎಂತ, ಇವತ್ತು ಕೆಲಸಕ್ಕೆ ಬರಲಿಲ್ಲ?"

ಅಮ್ಮ ಟೊಪ್ಪಿಯನ್ನು ನೋಡಿದಳು. ಕೋಲನ್ನು ನೋಡಿದಳು. "ಬರ್ತೇನೆ ಮೇಸ್ತ್ರಿಗಳೇ" ಎಂದು ನನ್ನ ಹಿಂದೆ ಬಂದಳು.

ಆ ಬೆಳಿಗ್ಗೆ ಜೀಗುಜ್ಜೆ ಮರದ ಕೆಳಗೆ ನಾನು ಚೌಕಟ್ಟಿಗೆ ಮಣ್ಣು ಒತ್ತಿ ಇಟ್ಟೆ, ಅಮ್ಮ ಅಂಚು ಸವರಿದಳು. ನನ್ನ ಒತ್ತು ಸರಿಯಿಲ್ಲವೆಂದು ಎರಡು ಸಲ ಮೂಗು ಮುರಿದಳು. ಬಿಸಿಲು ಏರಿತು. ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಅವಳು ಚೂರಿ ಕೆಳಗಿಟ್ಟಳು. ಕೈಯನ್ನು ಬಟ್ಟೆಗೆ ಒರೆಸಿ, ಎದ್ದು ಬಂದು, ನನ್ನ ಮುಂದೆ ಸ್ವಲ್ಪ ದೂರದಲ್ಲಿ, ಮೇಸ್ತ್ರಿಯ ಮುಂದೆ ನಿಲ್ಲುವ ಹಾಗೆ ನಿಂತಳು.

"ಸ್ವಲ್ಪ ಬೇಗ ಬಿಡಿ ಮೇಸ್ತ್ರಿಗಳೇ. ಮನೆಯಲ್ಲಿ ನನ್ನ ಮಗಳು ಒಬ್ಬಳೇ ಉಂಟು. ಕೈಯಲ್ಲಿ ಸಣ್ಣ ಮಗು. ಅವಳಿಗೆ ಉಣ್ಲಿಕ್ಕೆ ಪುರುಸೊತ್ತು ಇಲ್ಲ. ನಾನು ಹೋಗಿ ಮಗುವನ್ನು ಹಿಡಿದ್ರೆ ಎರಡು ತುತ್ತು ಉಣ್ತಾಳೆ."

ಜಗಲಿಯಲ್ಲಿ ನನ್ನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಟೀಚರ್ ಮೆಲ್ಲನೆ ಹೇಳಿದಳು, "ದಿನಾ ಹೀಗೇ ಕೇಳ್ತಾರೆ ಅಂತ ನಮ್ಮ ಮಾವ ಹೇಳ್ತಿದ್ದರು ಅಕ್ಕಾ. ನಿಮಗೆ ಗೊತ್ತುಂಟು ಅಂತ ಇದ್ದೆವು ನಾವು."

ನನಗೆ ಗೊತ್ತಿರಲಿಲ್ಲ. ಅಮ್ಮ ನನ್ನನ್ನು ಮರೆತಳೆಂದು ಎರಡು ವರ್ಷ ಎದೆಯಲ್ಲಿ ಕಲ್ಲು ಹೊತ್ತುಕೊಂಡಿದ್ದೆ. ಅವಳು ಮರೆತದ್ದು ನನ್ನ ಮುಖವನ್ನು ಮಾತ್ರ. ಮನೆಯಲ್ಲಿ ಮಗಳೊಬ್ಬಳು ಉಣ್ಣದೆ ಕೂತಿದ್ದಾಳೆ ಎಂಬುದನ್ನು ಒಂದು ದಿನವೂ ಮರೆತಿರಲಿಲ್ಲ. ನನ್ನ ಕಾಲು ಗಂಟೆ ಕದ್ದರೆಂದು ಯಾರನ್ನು ಬೈದುಕೊಂಡಿದ್ದೆನೋ, ಅವರು ಅದನ್ನು ಅವಳಿಗೆ ಕೊಡುತ್ತಿದ್ದರು, ನನಗೋಸ್ಕರವೇ.

"ಹೋಗು, ಹೋಗು" ಎಂದೆ, ಮೇಸ್ತ್ರಿಗಳ ಗತ್ತಿನಲ್ಲೇ. ಅಮ್ಮ ಗೇಟಿನ ದಾರಿ ಹಿಡಿದಳು, ಟೀಚರ್ ಅವಳ ಹಿಂದೆ ಕಣ್ಣಿಟ್ಟು ರಸ್ತೆಗಿಳಿದಳು. ನಾನು ಟೊಪ್ಪಿ ಕಿತ್ತು ಬೆಂಚಿನ ಮೇಲೆಸೆದು, ಮಗುವನ್ನೆತ್ತಿಕೊಂಡು, ತಡಮೆ ಹಾರಿ ಓಡಿದೆ. ಅವಳು ಮುಟ್ಟುವ ಮೊದಲು ಮಗಳು ಮನೆಯಲ್ಲಿ ಇರಬೇಕಲ್ಲ. ಏದುಸಿರು ಬಿಡುತ್ತಾ ಅಡುಗೆಮನೆಯಲ್ಲಿ ನಿಂತೆ. ಗೇಟು ಕಿರ್ ಎಂದಿತು. ಅಮ್ಮ ಒಳಗೆ ಬಂದು, ನನ್ನನ್ನು ಯಾರದೋ ಮನೆಯವರನ್ನು ನೋಡುವ ಹಾಗೆ ನೋಡಿ, ಮಗುವಿಗೆ ಕೈ ಚಾಚಿ ಕೇಳಿದಳು, "ಊಟ ಆಯ್ತಾ?"

"ಇಲ್ಲ ಅಮ್ಮ" ಎಂದೆ. ಮಗುವನ್ನು ಅವಳ ಕೈಗೆ ಕೊಟ್ಟು, ಅವಳ ಎದುರು ಕುಳಿತು ಗಂಜಿ ಉಂಡೆ. ಆವತ್ತು ಅವಳು ಎರಡನೆಯ ಸಲ ಕೇಳಲಿಲ್ಲ.

ಅಮ್ಮ ಮತ್ತೂ ಎರಡು ವರ್ಷ ಇದ್ದಳು. ಕೊನೆಯ ಕೆಲವು ತಿಂಗಳು ಬಿಟ್ಟರೆ ಜೀಗುಜ್ಜೆ ಮರದ ಕೆಳಗಿನ ಕೆಲಸ ನಿಲ್ಲಲಿಲ್ಲ. ಟೀಚರಿಗೆ ರಜೆಯಿದ್ದ ದಿನ ಟೊಪ್ಪಿ ಅವಳ ತಲೆಗೆ, ಉಳಿದ ದಿನ ನನ್ನ ತಲೆಗೆ. ಕಿಟಕಿಯ ಸರಳಿಗೆ ಮತ್ತೆ ಗಂಟು ಬೀಳಲಿಲ್ಲ. ಅಮ್ಮನ ಬಗ್ಗೆ ನನಗೆ ಈಗ ದುಃಖವಿದ್ದರೂ ಪಶ್ಚಾತ್ತಾಪ ಕಡಿಮೆ, ಅದು ಮೇಸ್ತ್ರಿಗಳ ಕೊಡುಗೆ. ಪಶ್ಚಾತ್ತಾಪವಿರುವುದು ಅವರ ಬಗ್ಗೆ. ಒಂದು ದಿನವೂ ಅವರಿಗೆ ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದು ಆ ಕಾಲು ಗಂಟೆಯ ದೂರು ಮಾತ್ರ.

ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಗೋಡೌನು. ಸೈರನ್ ನಿಂತು ಎಷ್ಟು ಕಾಲವಾಯಿತೋ. ನಮ್ಮ ಫ್ಲ್ಯಾಟಿನ ಕೆಳಗಿನ ಮನೆಯಲ್ಲಿ ಒಬ್ಬಾಕೆ ಮರೆವಿನ ಗಂಡನನ್ನು ನೋಡಿಕೊಳ್ಳುತ್ತಿದ್ದಾಳೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಲಿಫ್ಟಿನಲ್ಲಿಳಿದು ಹೋಗಿ ಆ ಮನುಷ್ಯನ ಜೊತೆ ಕುಳಿತು, ಅವರು ಹೇಳುವ ಬ್ಯಾಂಕಿನ ಕಥೆಗಳಿಗೆ ಹೂಂಗುಟ್ಟುತ್ತೇನೆ. ಅವಳು ಒಳಗೆ ಹೋಗಿ ಮಲಗುತ್ತಾಳೆ. ನನ್ನಿಂದ ಮಣ್ಣು ತುಳಿಯಲಾಗುವುದಿಲ್ಲ, ಅಷ್ಟಾದರೂ ಆಗುತ್ತದೆ.

ಮೊನ್ನೆ ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಬಾಲ್ಕನಿಯ ಹಂಚು ಆಗಲೇ ಒಣಗಿ, ವಾಸನೆ ಹೋಗಿತ್ತು. ಗಡಿಯಾರ ನೋಡಿದೆ, ಹನ್ನೆರಡಕ್ಕೆ ಕಾಲು ಗಂಟೆ ಇತ್ತು. ಮನೆಯವರೆಲ್ಲ ಒಂದೂವರೆಗೆ ಉಣ್ಣುವವರು, ನಾನೊಬ್ಬಳು ಈ ಹೊತ್ತಿಗೆ ಬಡಿಸಿಕೊಳ್ಳುವುದನ್ನು ನೋಡಿ ಮೊಮ್ಮಕ್ಕಳು ಅಜ್ಜಿಗೆ ಹಸಿವು ಜಾಸ್ತಿ ಎನ್ನುತ್ತಾರೆ. ಎನ್ನಲಿ. ತಟ್ಟೆ ಹಾಕಿಕೊಂಡು, ಬಾಗಿಲಿನ ಕಡೆ ಮುಖ ಮಾಡಿ ಕುಳಿತೆ. ಬೇಗ ಬಿಡಿ ಎಂದು ಕೇಳುವವಳೂ ಇಲ್ಲ, ಬಿಡುವವರೂ ಇಲ್ಲ. ಆದರೂ ಮೊದಲ ತುತ್ತು ಎತ್ತುವಾಗ, ಆಯ್ತು ಅಮ್ಮ, ಉಣ್ತಾ ಇದ್ದೇನೆ ಎಂದುಕೊಂಡೆ.